ಕಾಲುವೆ ಹಲಗೆ ಮಾಡಿದ ಕಾಲ

ಮೊಮ್ಮಗಳು ಚೈತ್ರಾಳಿಗೆ ಕೆಲಸ ಸಿಕ್ಕಿದೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ಬರೆಯಲು ಕೈ ಓಡುವುದಿಲ್ಲ. ಎಷ್ಟು ತಿದ್ದಿಸಿದರೂ ಅಕ್ಷರ ಹಿಡಿತಕ್ಕೆ ಸಿಗದ ಮಕ್ಕಳಿರುತ್ತಾರಲ್ಲ, ಅಂಥವರಿಗೆ ಕಲಿಸುವ ಟೀಚರ್ ಆಗಿ ಮೂಡಿಗೆರೆ ಕಡೆಯ ಒಂದು ಶಾಲೆಗೆ ಹಾಕಿದ್ದಾರೆ. ಸುದ್ದಿ ಬಂದ ದಿನ ನಾನು ಕೊಟ್ಟಿಗೆಹಾರದಿಂದ ಬಾಳೂರಿನ ತನಕ ಸಿಕ್ಕಿದವರಿಗೆಲ್ಲ ಹೇಳಿದೆ. ಹಾಲಿನ ಡೈರಿಯವನಿಗೆ ಎರಡು ಸಲ ಹೇಳಿದೆನಂತೆ. "ಎಂತ ಅಜ್ಜ, ಕೆಲ್ಸ ಸಿಕ್ಕಿದ್ದು ಅವ್ಳಿಗೋ ನಿಮಗೋ" ಎಂದು ಕೇಳಿದ. ನನಗೇ ಸಿಕ್ಕಿದ ಹಾಗಿತ್ತು.

ಅವಳ ಜೊತೆ ತರಬೇತಿ ಮುಗಿಸಿದ ಹುಡುಗಿಯರು ಮೊನ್ನೆ ಮನೆಗೆ ಬಂದಿದ್ದರು. ನಾನು ಇದೇ ಕೆಲಸಕ್ಕೆ ವರ್ಷಗಟ್ಟಲೆ ಮರ ಕೆತ್ತಿದವನು ಎಂದು ಚೈತ್ರಾ ಹೇಳಿದ್ದೇ ತಡ, "ಅಜ್ಜ, ನೀವು ಮಾಡಿದ್ದನ್ನೆಲ್ಲ ಬರೆದುಕೊಡಿ, ನಾವೂ ಓದ್ತೀವಿ" ಎಂದು ಪಟ್ಟು ಹಿಡಿದರು. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ತಪ್ಪಿದಲ್ಲಿ ಚೈತ್ರಾ ತಿದ್ದಿದ್ದಾಳೆ. ಮಾತು ನನ್ನದು.

ನಾನು ಬಾಳೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ಬಡಗಿಯಾಗಿದ್ದೆ. ಬಂಗಲೆಯ ಬಾಗಿಲು, ಕೂಲಿಯವರ ಲೈನ್ ಮನೆಗಳ ಕಿಟಕಿ, ಏಣಿ, ಗುದ್ದಲಿ ಕಾವು, ಮದುವೆ ಬಂದರೆ ಮಂಚ, ಹೀಗೆ ಹೇಳಿದ್ದೆಲ್ಲ ಮಾಡುವ ಕೆಲಸ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಳೆ ಹಿಡಿದ ಹೊಸತರಲ್ಲಿ ಒಂದು ದಿನ ಸಾಹುಕಾರರು ಬಂಗಲೆಗೆ ಕರೆಸಿದರು. ಅಲ್ಲಿ ಕೊಡೆಯಿಂದ ನೀರು ಸುರಿಸುತ್ತ ಒಬ್ಬ ಹೆಂಗಸು ನಿಂತಿದ್ದರು. ಅವರೇ ಹಿಲ್ಡಾ ಟೀಚರ್. ಮಂಗಳೂರು ಕಡೆಯವರು. ಕೊಟ್ಟಿಗೆಹಾರದ ಹತ್ತಿರ ಒಂದು ಶಾಲೆಯವರು ಅವರಿಗೆ ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಸುತ್ತಲಿನ ಊರುಗಳಲ್ಲಿ ಓದಲು ಒದ್ದಾಡುವ ಮಕ್ಕಳನ್ನು ಶನಿವಾರ ಮಧ್ಯಾಹ್ನ ಅಲ್ಲಿ ಸೇರಿಸಿ ಕಲಿಸಬೇಕು ಎಂಬುದು ಅವರ ಯೋಜನೆ.

"ಆಚಾರ್ರೇ, ಈ ಟೀಚರಿಗೆ ಮರದ ಅಕ್ಷರ ಬೇಕಂತೆ," ಎಂದರು ಸಾಹುಕಾರರು. "ಶನಿವಾರ ಮಧ್ಯಾಹ್ನ ಹೋಗಿ ಎಂತ ಬೇಕೋ ಮಾಡ್ಕೊಡಿ. ಎಸ್ಟೇಟಿನ ಕೆಲ್ಸ ಅಂತ್ಲೇ ತಿಳ್ಕಳಿ."

ಟೀಚರ್ ನನಗೆ ಬಿಡಿಸಿ ಹೇಳಿದರು. "ಈ ಮಕ್ಕಳಿಗೆ ಬುದ್ಧಿ ಕಮ್ಮಿ ಅಲ್ಲ. ಕಣ್ಣು ಸರಿ ಉಂಟು, ಕಿವಿ ಸರಿ ಉಂಟು. ಅಕ್ಷರ ಮಾತ್ರ ತಲೆಯಲ್ಲಿ ನಿಲ್ಲುದಿಲ್ಲ. ಅದಕ್ಕೆ ಡಿಸ್ಲೆಕ್ಸಿಯಾ ಅಂತ ಹೇಳ್ತಾರೆ. ಕೈಯಲ್ಲಿ ಮುಟ್ಟಿ ಕಲಿತರೆ ಕೆಲವರಿಗೆ ನಿಲ್ತದೆ."

ಅವರು ಹೇಳಿದ ಹೆಸರು ನನಗೆ ಯಾವುದೋ ಸ್ಪ್ರೇ ಔಷಧಿಯ ಹೆಸರಿನಂತೆ ಕೇಳಿಸಿತು. ಆದರೂ ತಲೆಯಾಡಿಸಿದೆ. ನೀವು ಹಾಗೆ ಮಾಡಬೇಡಿ. ತಿಳಿಯದಿದ್ದರೆ ಅಲ್ಲೇ ಕೇಳಿಬಿಡಿ.

ಟೀಚರ್ ಬಂದದ್ದು ಮರಕ್ಕೆ ಮಾತ್ರವಲ್ಲ. ನಮ್ಮ ಎಸ್ಟೇಟಿನ ಮೇಸ್ತ್ರಿ ಲೋಕಪ್ಪನ ಮಗಳು ವನಜಾ ಬಾಳೂರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನಲ್ಲಿದ್ದಳು. ಲೆಕ್ಕ ಬಾಯಲ್ಲೇ ಮಾಡುತ್ತಿದ್ದಳು, ಕಥೆ ಕೇಳಿದರೆ ಒಂದು ಮಾತು ಬಿಡದೆ ಒಪ್ಪಿಸುತ್ತಿದ್ದಳು, ಪುಸ್ತಕ ಬಿಚ್ಚಿದರೆ ಮಾತ್ರ ಮೂಗಿಯಾಗುತ್ತಿದ್ದಳು. ಸೋಮಾರಿ ಎಂದು ಬೈದು, ಹೊಡೆದು, ಮೂಲೆಯಲ್ಲಿ ಕೂರಿಸಿದ್ದರು. ಅವಳನ್ನು ಶನಿವಾರ ಕಳಿಸಬೇಕೆಂದು ಸಾಹುಕಾರರು ಲೋಕಪ್ಪನಿಗೆ ಹೇಳಿದರು. ಹೇಗೂ ನಾನು ಹೋಗುವವನು, ಕರೆದುಕೊಂಡು ಹೋಗುವ ಕೆಲಸ ನನಗೆ ಬಂತು.

ಲೋಕಪ್ಪ ಗಟ್ಟಿ ಆಳು. ಅವನು ಒಂದು ಕೂಗು ಹಾಕಿದರೆ ಗುಡ್ಡದ ಆಚೆ ಬದಿಯಲ್ಲಿ ಕೆಲಸ ಮಾಡುವವರು ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಅವತ್ತು ಸಂಜೆ ನನ್ನ ಶೆಡ್ಡಿಗೆ ಬಂದು ಕಂಬಕ್ಕೆ ಒರಗಿ ನಿಂತ.

"ಸಾವ್ಕಾರ್ರ ಮಾತು ತೆಗೆಯಕ್ಕಾಗದಿಲ್ಲ, ಕಳಿಸ್ತೀನಿ. ಆದ್ರೆ ಆಚಾರ್ರೇ, ಕಾಫಿ ಕುಯ್ಲು ಶುರುವಾಗೋ ತನಕ ಮಾತ್ರ. ಅಷ್ಟ್ರಲ್ಲಿ ಓದಕ್ಕೆ ಬಂದಿಲ್ಲ ಅಂದ್ರೆ ಬಿಡಿಸ್ತೀನಿ. ಶಾಲೆನೂ ಸಾಕು, ನಿಮ್ಮ ಶನಿವಾರನೂ ಸಾಕು. ಮನೇಲಿ ತಮ್ಮನ್ನ ನೋಡ್ಕಂಡಿರ್ಲಿ. ದಿನಾ ಪೆಟ್ಟು ತಿನ್ನಕ್ಕೆ ಎಂತಕ್ಕೆ ಕಳಿಸದು?"

"ಓದಕ್ಕೆ ಬಂತೋ ಇಲ್ವೋ ಅಂತ ಯಾರು ನೋಡದು ಮಾರಾಯ?"

"ನಾನೇ ನೋಡ್ತೀನಿ. ಪುಸ್ತಕ ಕೊಡ್ಬೇಡಿ, ಪುಸ್ತಕ ಬಾಯಿಪಾಠ ಆಗಿರತ್ತೆ. ನಾ ತೋರ್ಸಿದ್ದು ಓದ್ಬೇಕು."

ಕುಯ್ಲಿಗೆ ಇದ್ದದ್ದು ಒಂದು ಮಳೆಗಾಲ, ಅದರ ಬಾಲದಲ್ಲಿ ಚೂರು ಚಳಿ. ಅಷ್ಟರೊಳಗೆ ವನಜಾಳಿಗೆ ಓದು ಬರಬೇಕಿತ್ತು.

ನನ್ನ ಮೊದಲ ಕೆಲಸ ಹೇಗೆ ಕೆಟ್ಟಿತು ಎಂದು ಹೇಳುತ್ತೇನೆ. ಸಾಹುಕಾರರ ಮಗಳ ಮದುವೆಗೆ ಮಾಡಿದ ಮಂಚದಲ್ಲಿ ಉಳಿದ ಬೀಟೆ ಮರದ ತುಂಡುಗಳಿದ್ದವು. ಅದರಲ್ಲಿ ಅಕ್ಷರಗಳನ್ನು ಉಬ್ಬಾಗಿ ಕೆತ್ತಿದೆ. ಮರಳು ಕಾಗದ ಹಾಕಿ ಹಾಕಿ ಉಜ್ಜಿ, ಅರಗಿನ ಪಾಲಿಶ್ ಕೊಟ್ಟು, ಕನ್ನಡಿಯಂತೆ ಮಾಡಿದೆ. ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಹೋದೆ. ಕೋಣೆಯಲ್ಲಿ ಬಿಚ್ಚಿದಾಗ ಮಕ್ಕಳೆಲ್ಲ ಸುತ್ತ ಸೇರಿದರು. ಟೀಚರ್ ವನಜಾಳನ್ನು ಕರೆದು, ಅಕ್ಷರದ ಮೇಲೆ ಬೆರಳಾಡಿಸು ಎಂದರು. ಅವಳು ಆಡಿಸಿದಳು. ಮತ್ತೊಂದು ಸಲ ಆಡಿಸಿದಳು.

"ಜಾರತ್ತೆ ಆಚಾರ್ ಮಾವ."

ಟೀಚರ್ ತಾವೂ ಬೆರಳಿಟ್ಟು ನೋಡಿ ನಕ್ಕುಬಿಟ್ಟರು. "ಎಂತ ಆಚಾರ್ರೇ, ಇದು ಶೋಕೇಸಿನಲ್ಲಿ ಇಡ್ಲಿಕ್ಕೆ ಲಾಯ್ಕ ಉಂಟು. ಬೆರಳಿಗೆ ದಾರಿ ಎಲ್ಲಿ? ಎಲ್ಲಿ ಶುರು, ಎಲ್ಲಿ ತಿರುಗ್ತದೆ ಅಂತ ಗೊತ್ತೇ ಆಗುದಿಲ್ಲ. ನನಗೆ ನುಣುಪು ಬೇಡ ಮಾರಾಯ್ರೆ. ಒರಟು ಬೇಕು."

ಬಡಗಿಯ ಹತ್ತಿರ ಒರಟು ಕೆಲಸ ಕೇಳಿದರೆ ಹೇಗಾಗಬೇಕು? ನನ್ನ ಅಪ್ಪ ನನಗೆ ಕಲಿಸಿದ್ದೇ ಕಣ್ಣು ಮುಚ್ಚಿ ಸವರಿದರೂ ಕೈಗೆ ಏನೂ ತಾಗಬಾರದು ಎಂದು. ಇಲ್ಲಿ ಕೈಗೆ ತಾಗುವುದೇ ಬೇಕಂತೆ. ಮುಖ ಸಣ್ಣದು ಮಾಡಿಕೊಂಡೇ ಅಕ್ಷರಗಳನ್ನು ಮತ್ತೆ ಟವೆಲಿನಲ್ಲಿ ಕಟ್ಟಿದೆ.

ಟೀಚರ್ ಬಿಡಲಿಲ್ಲ. ಕಾಗದದಲ್ಲಿ ಬರೆದು ತೋರಿಸಿದರು. ಅಕ್ಷರ ಹಲಗೆಯ ಒಳಕ್ಕೆ ಇಳಿಯಬೇಕು, ಬೆರಳು ಅದರೊಳಗೆ ಕೂತು ಓಡಬೇಕು, ಶುರುವಾಗುವ ಕಡೆ ಒಂದು ಗುಳಿ ಇರಬೇಕು, ತಳ ಚೂರು ತರಿತರಿಯಾಗಿರಬೇಕು. ನಾನು ಸಿಲ್ವರ್ ಓಕಿನ ಹಲಗೆ ತೆಗೆದುಕೊಂಡೆ. ಮೆದು ಮರ, ಬಾಯಿ ಬಾಗಿದ ಉಳಿಗೆ ಚೆನ್ನಾಗಿ ಮಾತು ಕೇಳುತ್ತದೆ. ಒಂದು ಹಲಗೆಗೆ ಒಂದು ಅಕ್ಷರ. ಉಳಿಯ ಗುರುತು ಉಳಿದಿದ್ದ ಹಾಗೇ ಕೊಟ್ಟೆ. ಅಂಗಿ ಹಾಕದೆ ಪೇಟೆಗೆ ಹೋದ ಹಾಗಾಗಿತ್ತು ನನಗೆ.

ವನಜಾ ಬೆರಳಿಟ್ಟಳು. ಬೆರಳು ಗುಳಿಯಿಂದ ಹೊರಟು, ಬಳಸಿ, ತಿರುಗಿ, ಕೊನೆಗೆ ಬಂದು ನಿಂತಿತು. ತಲೆ ಎತ್ತದೆ ಮತ್ತೆ ಶುರುವಿನಿಂದ ಹೊರಟಳು. "ಇದರಲ್ಲಿ ನೀರು ಬಿಟ್ರೆ ಹರಿಯತ್ತೆ ಮಾವ, ಕಾಲುವೆ ಹಂಗೆ," ಅಂದಳು. ಅವತ್ತಿನಿಂದ ಅದಕ್ಕೆ ಕಾಲುವೆ ಹಲಗೆ ಎಂದೇ ಹೆಸರಾಯಿತು. ಟೀಚರ್ ಕೂಡ ಹಾಗೇ ಕರೆದರು.

ಕಾಲುವೆಯಲ್ಲಿ ಬೆರಳು ಓಡಿಸುತ್ತ ಅಕ್ಷರದ ಶಬ್ದ ಹೇಳಬೇಕು. ಆಮೇಲೆ ಅದೇ ಅಕ್ಷರವನ್ನು ಹಲಗೆ ಇಲ್ಲದೆ ಮೇಜಿನ ಮೇಲೆ, ಆಮೇಲೆ ಕಣ್ಣು ಮುಚ್ಚಿ ಗಾಳಿಯಲ್ಲಿ ಬರೆಯಬೇಕು. ವನಜಾ ಬಸ್ಸಿನ ಕಿಟಕಿಯ ಹಬೆಯಲ್ಲೂ ಬರೆಯುತ್ತಿದ್ದಳು. ಅವಳಿಗೆ ವ, ಮ, ಪ ಮೂರೂ ಒಂದೇ ಥರ ಕಾಣುತ್ತಿದ್ದವು. ಬೆರಳಿಗೆ ಮಾತ್ರ ಬೇರೆ ಬೇರೆ ಎಂದು ಗೊತ್ತಾಗುತ್ತ ಬಂತು.

ಇನ್ನು ನೀಲಿ ಬೆರಳಿನ ಕಥೆ. ಕೆಲವು ಮಕ್ಕಳು ಪೆನ್ಸಿಲನ್ನು ಗುದ್ದಲಿ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿಯುತ್ತಿದ್ದರು. ಪೆನ್ಸಿಲಿಗೆ ದಪ್ಪ ರಬ್ಬರಿನ ಕೊಳವೆ ಸಿಕ್ಕಿಸಿದರೆ ಹಿಡಿತ ಸರಿಯಾಗುತ್ತದೆ ಎಂದರು ಟೀಚರ್. ನಮ್ಮ ಸ್ಟೋರಿನಲ್ಲಿ ಸ್ಪ್ರೇ ಪಂಪಿನ ಹಳೇ ಪೈಪು ಬಿದ್ದಿತ್ತು. ತುಂಡು ಮಾಡಿ ಒಯ್ದೆ, ಅಳತೆ ಮಾಡಿಸಿದ ಹಾಗೆ ಕೂತಿತು. ಆ ಪೈಪಿನಲ್ಲಿ ಕಾಫಿ ಗಿಡಕ್ಕೆ ಹೊಡೆಯುವ ಮೈಲುತುತ್ತದ ನೀರು ಓಡಿದ್ದು ಎಂಬುದು ತಲೆಗೆ ಹೋಗಲಿಲ್ಲ. ಗಂಟೆ ಕಳೆಯುವುದರೊಳಗೆ ಮಕ್ಕಳ ಬೆರಳೆಲ್ಲ ನೀಲಿ. ಟೀಚರ್ ಎಲ್ಲರನ್ನೂ ನಲ್ಲಿಯ ಹತ್ತಿರ ಓಡಿಸಿ, ಸೋಪು ಹಚ್ಚಿ ತಿಕ್ಕಿಸಿದರು. "ಅದು ವಿಷ ಆಚಾರ್ರೇ. ಬೆರಳು ಬಾಯಿಗೆ ಹಾಕುವ ಮಕ್ಕಳು ಇವರು." ನನ್ನನ್ನು ಇಷ್ಟು ಗಟ್ಟಿಯಾಗಿ ಬೈದದ್ದು ಅದೊಂದೇ ಸಲ. ಮುಂದಿನ ವಾರ ಸೈಕಲ್ ಅಂಗಡಿಯಿಂದ ಹೊಸ ಟ್ಯೂಬ್ ತಂದೆ. ಹೊಸದಾಗಿ ಸೇರುವವರೇ, ಉಳಿದ ಸಾಮಾನಿನಲ್ಲಿ ಏನು ಬೇಕಾದರೂ ಮಾಡಿ, ಅದು ಮೊದಲು ಎಲ್ಲಿ ಉಪಯೋಗಕ್ಕೆ ಬಂದಿತ್ತು ಎಂದು ಮಾತ್ರ ಕೇಳಿಕೊಳ್ಳಿ.

ಅಕ್ಷರ ಹತ್ತಿತು ಎನ್ನುವಾಗ ಸಾಲು ಕೈಕೊಟ್ಟಿತು. ಪುಟ ತೆರೆದರೆ ವನಜಾಳ ಕಣ್ಣು ಈ ಸಾಲಿನಿಂದ ಆ ಸಾಲಿಗೆ ಹಾರುತ್ತಿತ್ತು. ಒಂದೇ ಸಾಲು ಕಾಣುವ ಹಾಗೆ ಒಂದು ಕಿಂಡಿ ಬೇಕೆಂದರು ಟೀಚರ್. ಮರದಲ್ಲಿ ಮಾಡಿದೆ, ದಪ್ಪವಾಗಿ ಸಾಲಿನ ಮೇಲೆ ನೆರಳು ಬಿತ್ತು. ಆಗ ಸಾಹುಕಾರರ ಜೀಪು ಕೆಸರಿನಲ್ಲಿ ಜಾರಿ ಅವರ ಮೊಣಕಾಲಿಗೆ ಪೆಟ್ಟಾಗಿತ್ತು. ಅದರ ಎಕ್ಸ್‌ರೇ ಹಾಳೆ ಬಂಗಲೆಯಲ್ಲಿತ್ತು. ಬೇಡಿಕೊಂಡು ತಂದು ಬ್ಲೇಡಿನಲ್ಲಿ ಕಿಂಡಿ ಕೊಯ್ದೆ. ಕಪ್ಪು ಹಾಳೆ, ತೆಳ್ಳಗೆ, ಒಳ್ಳೇ ಹೊಂದಿತು. ಆದರೆ ಮೂಳೆ ಇದ್ದ ಕಡೆ ಹಾಳೆ ಬೆಳ್ಳಗಿತ್ತು.

"ಮಾವ, ಸಾವ್ಕಾರ್ರ ಕಾಲೊಳಗೆ ಇನ್ನೊಂದು ಸಾಲು ಕಾಣತ್ತೆ," ಅಂದಳು ವನಜಾ.

ಕಪ್ಪು ಕಾಗದ ಅಂಟಿಸಿ ಸರಿ ಮಾಡಿದೆ. ಸಾಹುಕಾರರಿಗೆ ಹೇಳಿದಾಗ ಅವರು ಕೋಲೂರಿಕೊಂಡು ನಕ್ಕರು. "ಈ ಕಾಲು ನಂಗಂತೂ ಉಪಯೋಗಕ್ಕಿಲ್ಲ ಈಗ. ಮಕ್ಳಾದ್ರೂ ಅದ್ರ ಮೇಲೆ ನಡೀಲಿ."

ಮೇಲಿನವರ ವಿಷಯದಲ್ಲಿ ನಾನು ಪುಣ್ಯ ಮಾಡಿದವನು. ಸಾಹುಕಾರರು ಕಾರಣ ಕೇಳದೆ ಮರ ಕೊಟ್ಟರು. ಹಿಲ್ಡಾ ಟೀಚರ್ ಕೆಲಸ ಕೆಟ್ಟಾಗ ಕೆಟ್ಟಿದೆ ಎಂದೇ ಹೇಳಿದರು, ಹೇಳಿ ಕೈಬಿಡಲಿಲ್ಲ.

ಟೇಪ್ ರೆಕಾರ್ಡರ್ ಬಂದದ್ದು ಆಟಿ ತಿಂಗಳ, ಅಂದರೆ ಆಷಾಢದ ಜಡಿಮಳೆಯಲ್ಲಿ. ಟೀಚರ್ ಪಾಠಗಳನ್ನು ತಮ್ಮ ದನಿಯಲ್ಲಿ ಓದಿ ಕ್ಯಾಸೆಟ್ ಮಾಡಿದ್ದರು. ಮಗು ಕಿಂಡಿಯಲ್ಲಿ ಸಾಲು ನೋಡುತ್ತ, ಕಿವಿಯಲ್ಲಿ ಅದನ್ನೇ ಕೇಳುತ್ತ ಬೆರಳು ಸರಿಸಬೇಕು. ವನಜಾಳ ಬೆರಳು ಯಾವಾಗಲೂ ಹಿಂದೆ ಬೀಳುತ್ತಿತ್ತು. ದನಿ ಸಾಲು ಮುಗಿಸಿರುತ್ತಿತ್ತು, ಅವಳು ಮೂರನೇ ಪದದಲ್ಲಿ ಸಿಕ್ಕಿಕೊಂಡಿರುತ್ತಿದ್ದಳು. ಅವಳು ಕೈ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡುಬಿಡುತ್ತಿದ್ದಳು.

ಕರೆಂಟು ವಾರಗಟ್ಟಲೆ ಇಲ್ಲ. ಟೇಪು ಓಡಬೇಕಾದರೆ ಸೆಲ್ಲು ಬೇಕು. ನಮ್ಮ ಕಡೆ ಟಾರ್ಚಿನ ಸೆಲ್ಲು ಮುಗಿದರೆ ಯಾರೂ ಕೂಡಲೇ ಬಿಸಾಡುವುದಿಲ್ಲ. ಬಿಸಿಲಿಗೆ ಇಟ್ಟರೆ ಇನ್ನೂ ಸ್ವಲ್ಪ ಜೀವ ಬರುತ್ತದೆ. ಆಟಿಯಲ್ಲಿ ಬಿಸಿಲೆಲ್ಲಿ, ನಾನು ಒಲೆಯ ದಂಡೆಯಲ್ಲಿ ಬೆಚ್ಚಗೆ ಮಾಡಿಕೊಂಡು ಒಯ್ದು ಟೇಪಿಗೆ ಹಾಕಿದೆ. ಒಂದು ನಿಮಿಷ ಸರಿಯಾಗಿ ಹೋಯಿತು. ಆಮೇಲೆ ಹಿಲ್ಡಾ ಟೀಚರ ದನಿ ದಪ್ಪವಾಗುತ್ತ, ನಿಧಾನವಾಗುತ್ತ, ಶೀತವಾದ ಗಂಡಸಿನ ದನಿಯಾಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಟೀಚರೂ ನಕ್ಕರು. ನಾನು ಓಡಿ ಹೋಗಿ ಆರಿಸಲು ಕೈ ಚಾಚಿದೆ.

"ಮುಟ್ಟಬೇಡಿ," ಅಂದರು ಟೀಚರ್. ನಗು ನಿಂತುಹೋಗಿತ್ತು ಅವರದು. ಅವರು ವನಜಾಳ ಕಡೆ ನೋಡುತ್ತಿದ್ದರು.

ವನಜಾ ನಕ್ಕಿರಲಿಲ್ಲ. ಕಿಂಡಿಯ ಕೆಳಗೆ ಅವಳ ಬೆರಳು ಪದದಿಂದ ಪದಕ್ಕೆ ಹೋಗುತ್ತಿತ್ತು. ದನಿ ಎಳೆದು ಎಳೆದು ಹೇಳುತ್ತಿತ್ತು, ಬೆರಳು ಅದರ ಜೊತೆಗೇ ಇತ್ತು. ಸಾಲಿನ ಕೊನೆಗೆ ಎರಡೂ ಒಟ್ಟಿಗೆ ಬಂದು ನಿಂತವು. ಅವಳು ಕಿಂಡಿಯನ್ನು ತಾನೇ ಕೆಳಗಿನ ಸಾಲಿಗೆ ಸರಿಸಿದಳು.

ಟೀಚರ್ ಅವತ್ತೇ ಹಳೇ ಕ್ಯಾಸೆಟ್ಟನ್ನೆಲ್ಲ ಬದಿಗಿಟ್ಟರು. ಮತ್ತೆ ಎಲ್ಲ ಪಾಠ ಓದಿ ತುಂಬಿಸಿದರು, ಪದ ಪದಕ್ಕೆ ಉಸಿರು ಬಿಟ್ಟು, ಸಾಲಿನ ಕೊನೆಗೆ ಕಾದು. "ಎಷ್ಟು ಸಮಯದಿಂದ ನಾನು ಅವಳನ್ನು ಓಡಿಸ್ತಾ ಇದ್ದೆ ನೋಡಿ," ಎಂದು ನನ್ನ ಹತ್ತಿರ ಹೇಳಿದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಆ ಕೋಣೆಗೆ ಕಂಪ್ಯೂಟರ್ ಬಂತು. ಅದು ಅಕ್ಷರವನ್ನು ಕುಂಬಳಕಾಯಿಯಷ್ಟು ದೊಡ್ಡದು ಮಾಡಿ ತೋರಿಸುತ್ತಿತ್ತು, ಬರೆದದ್ದನ್ನು ಓದಿಯೂ ಹೇಳುತ್ತಿತ್ತು. ಆದರೆ ಇಂಗ್ಲಿಷ್ ಮಾತ್ರ. ಕನ್ನಡ ತೋರಿಸಿದರೆ ಸುಮ್ಮನೆ ಇರುತ್ತಿತ್ತು. "ಇದಕ್ಕೂ ನಮ್ಮಂಗೇ ಆಗಿದೆ" ಎಂದು ಮಕ್ಕಳು ಅದರ ಬೆನ್ನು ತಟ್ಟುತ್ತಿದ್ದರು. ಮೊನ್ನೆ ಚೈತ್ರಾ ಪುಸ್ತಕದ ಪುಟಕ್ಕೆ ಫೋನು ಹಿಡಿದಳು, ಅದು ಕನ್ನಡವನ್ನು ಗಟ್ಟಿಯಾಗಿ ಓದಿತು. ಬೇಕಾದರೆ ನಿಧಾನಕ್ಕೂ ಓದುತ್ತದಂತೆ. ನಾನು ಫೋನಿಗೆ ಕೈ ಮುಗಿದೆ. ಅವಳಿಗೆ ನಗು ತಡೆಯಲಿಲ್ಲ. ನಿಮ್ಮ ಕೈಯಲ್ಲಿ ಎಂಥೆಂಥದೆಲ್ಲ ಇದೆ ಮಕ್ಕಳೇ, ಹೊಟ್ಟೆ ತುಂಬಿದ ಹಾಗಾಗುತ್ತದೆ ನನಗೆ.

ವನಜಾಳ ಮಾತಿಗೆ ಬರುತ್ತೇನೆ. ಮಳೆ ಬಿಟ್ಟಿತು. ಕಾಫಿ ಹಣ್ಣು ಕೆಂಪಾಗುತ್ತ ಬಂತು. ವನಜಾ ಕೋಣೆಯಲ್ಲಿ ಕೂತು, ಕಿಂಡಿ ಇಟ್ಟುಕೊಂಡು, ಹೊಸ ಪಾಠದ ಸಾಲುಗಳನ್ನು ತಡೆದು ತಡೆದು ಓದುತ್ತಿದ್ದಳು. ಟೀಚರ್ ಒಂದು ವರ್ಷ ಸಿಕ್ಕಿದರೆ ಸಾಕು ಎನ್ನುತ್ತಿದ್ದರು. ಕುಯ್ಲು ಶುರುವಾಗುವ ಮುಂಚಿನ ಶನಿವಾರ ಲೋಕಪ್ಪ ತೊಳೆದ ಅಂಗಿ ಹಾಕಿಕೊಂಡು ನಮ್ಮ ಜೊತೆಗೇ ಬಂದ.

ಟೀಚರ್ ಕುರ್ಚಿ ಕೊಟ್ಟರು. ಅವನು ಕೂರಲಿಲ್ಲ. ಜಗಲಿಯಲ್ಲಿ ನಿಂತು ರಸ್ತೆಯ ಆಚೆ ಇದ್ದ ಹೋಟೆಲಿನ ಬೋರ್ಡು ತೋರಿಸಿದ. "ಅದು ಓದು."

ವನಜಾ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಮಂಜು ಬೋರ್ಡಿನ ಮೇಲೆ ಬಂದು ಹೋಗುತ್ತಿತ್ತು. ಹೋಟೆಲಿನಿಂದ ಯಾರೋ "ಎಂತ ಮೇಸ್ತ್ರಿ, ಪೇಟೆ ಕಡೆ" ಎಂದು ಕೂಗಿದರು. ಜಗಲಿಯ ಮಕ್ಕಳೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ಅವಳ ಕೈ ತೊಡೆಯ ಹಿಂದೆ ಹೋಗಿ ಅಡಗಿತು.

"ಹೋಟೆಲ್," ಅಂದಳು ಕೊನೆಗೆ.

"ಹೋಟೆಲ್ ಅಂತ ಹಸುಗೂ ಗೊತ್ತು. ಬರ್ದಿದ್ದು ಓದು."

ಅವಳಿಗೆ ಆಗಲಿಲ್ಲ. ಟೀಚರ್ ಮುಂದೆ ಬಂದರು. "ಮೇಸ್ತ್ರಿಗಳೇ, ಹೀಗೆ ಎಲ್ಲರ ಎದುರು ನಿಲ್ಸಿದರೆ ನನಗೂ ಬಾಯಿ ಬರುದಿಲ್ಲ. ಅವಳು ಓದ್ತಾಳೆ. ನಿಧಾನ ಉಂಟು, ಆದರೆ ಓದ್ತಾಳೆ. ಇನ್ನೊಂದು ವರ್ಷ ಕೊಡಿ."

"ನೀವು ಒಳ್ಳೇವ್ರು ಟೀಚರ್. ನಿಮ್ಮ ಮೇಲೆ ಎಂತ ಇಲ್ಲ," ಅಂದ ಲೋಕಪ್ಪ. "ಮಾತು ಮಾತೇ. ವನಜಾ, ಚೀಲ ತಗ."

ಟೀಚರ್ ಅವಳ ಚೀಲಕ್ಕೆ ಒಂದು ಕಾಲುವೆ ಹಲಗೆ ಹಾಕಿ, ಇಟ್ಟುಕೋ ಎಂದರು. ನಾವು ಮೂವರೂ ಬಸ್ ನಿಲ್ಲುವ ಕಡೆಗೆ ನಡೆದೆವು. ವನಜಾ ಯಾವಾಗಲೂ ದಾರಿಯುದ್ದಕ್ಕೂ ಮಾತಾಡುವವಳು. ನನ್ನ ಕಿವಿಯ ಮೇಲೆ ಪೆನ್ಸಿಲ್ ಇರುವಾಗಲೇ ನಾನು ಜೇಬಿನಲ್ಲಿ ಹುಡುಕುವುದನ್ನು ನೋಡಿ ಹಾಸ್ಯ ಮಾಡುವವಳು. ಅವತ್ತು ಚೀಲವನ್ನು ಎದೆಗೆ ಅವಚಿಕೊಂಡು ಅಪ್ಪನ ಹಿಂದೆ ನಡೆದಳು.

ಬಾಳೂರಿನ ಮೇಲೆ ಕಳಸಕ್ಕೆ ಹೋಗುವುದು ನೀಲಿ ಬಸ್ಸು. ಅದು ಬಂದು ನಿಂತಿತ್ತು. ಡ್ರೈವರ್, ಕಂಡಕ್ಟರ್ ಇಬ್ಬರೂ ಚಹಾಕ್ಕೆ ಇಳಿದಿದ್ದರು. ಲೋಕಪ್ಪ ಬೀಡಿ ಸೇದಿ ಮುಗಿಸುವ ತನಕ ನಾವು ಅದರ ಎದುರಿಗೇ ನಿಂತಿದ್ದೆವು. ಆಮೇಲೆ ಅವನು ಹೋಗಿ ಮೆಟ್ಟಿಲಿಗೆ ಕಾಲಿಟ್ಟ. ನಾನೂ ಹಿಂದೆ ಹೊರಟೆ. ವನಜಾ ಕದಲಲಿಲ್ಲ. ಅವಳ ತೋರುಬೆರಳು ಲಂಗದ ಮೇಲೆ ಓಡಾಡುತ್ತಿತ್ತು.

"ಅಪ್ಪ, ಇದು ನಮ್ದಲ್ಲ."

"ಬಾ ಬಾ. ನೀಲಿ ಬಸ್ಸು ಇನ್ಯಾರ್ದು."

"ಕಳಸ ಅಂತ ಇಲ್ಲ ಅಪ್ಪ. ಉ... ಜಿ..." ಬೆರಳು ಇನ್ನೊಮ್ಮೆ ಓಡಿತು. "ಉಜಿರೆ ಅಂತಿದೆ. ಘಾಟಿ ಕೆಳಗೆ ಹೋಗತ್ತೆ."

ನಾನು ಆಗ ಬೋರ್ಡು ನೋಡಿದೆ. ಬಾಯಿ ತೆರೆಯಲಿಲ್ಲ. ಅವಳು ಓದಿದ್ದನ್ನು ನಾನು ಓದಿ ಹೇಳಿದ್ದರೆ ಅದು ಅವಳದ್ದಾಗಿ ಉಳಿಯುತ್ತಿರಲಿಲ್ಲ. ಲೋಕಪ್ಪ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟುಕೊಂಡು ಬಗ್ಗಿ ಬೋರ್ಡಿನ ಕಡೆ ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ನನ್ನ ಮುಖ ನೋಡಿದ. ಇಷ್ಟು ವರ್ಷ ಒಂದೇ ಎಸ್ಟೇಟಿನಲ್ಲಿ ಇದ್ದು ನನಗೆ ಗೊತ್ತಿರದಿದ್ದದ್ದು ಆ ಗಳಿಗೆಯಲ್ಲಿ ಗೊತ್ತಾಯಿತು. ಆ ಬೋರ್ಡಿನಲ್ಲಿ ಅವನಿಗೆ ಏನೂ ಸಿಕ್ಕಿರಲಿಲ್ಲ. ಅವನಿಗೆ ಓದಲು ಬರುತ್ತಿರಲಿಲ್ಲ.

ಕಂಡಕ್ಟರ್ ಬಾಯಿ ಒರೆಸಿಕೊಳ್ಳುತ್ತ ಬಂದ. "ಎಲ್ಲಿಗೆ ಮೇಸ್ತ್ರಿ?"

"ಬಾಳೂರಿಗೆ."

"ಇಳಿ ಮಾರಾಯ. ಉಜಿರೆ ಗಾಡಿ ಕೆಟ್ಟು ನಿಂತಿದೆ, ಇವತ್ತು ಇದು ಅಲ್ಲಿಗೆ. ಕಳಸಕ್ಕೆ ಬೇರೆ ಬರತ್ತೆ ಹಿಂದಿಂದ. ಬೋರ್ಡ್ ನೋಡ್ಲಿಲ್ವಾ?"

ಲೋಕಪ್ಪ ಇಳಿದ. "ನನ್ ಮಗಳು ನೋಡಿದ್ಲು," ಅಂದ.

ಬಸ್ಸು ಹೊರಟುಹೋಯಿತು. ನಾವು ಅಂಗಡಿಯ ಬೆಂಚಿನ ಮೇಲೆ ಕೂತೆವು. ಲೋಕಪ್ಪ ಚಹಾ ತರಿಸಿದ, ವನಜಾಳಿಗೆ ಬನ್ನು ಕೊಡಿಸಿದ. ಅವಳು ತಿನ್ನುವುದನ್ನೇ ನೋಡುತ್ತ ಕೂತ.

"ನಾನು ಒಂದನೇ ಕ್ಲಾಸಲ್ಲೇ ಮೂರು ವರ್ಷ ಇದ್ದೆ ಆಚಾರ್ರೇ," ಅಂದ. "ಪದ್ಯ ಎಲ್ಲ ಬಾಯಿಗೆ ಬರ್ತಿತ್ತು. ಒಂದಿನ ಪುಸ್ತಕ ತಲೆಕೆಳಗು ಹಿಡ್ಕಂಡು ಓದಿಬಿಟ್ಟೆ."

"ತಲೆಕೆಳಗಾ ಅಪ್ಪ?" ವನಜಾ ಬನ್ನು ಬಾಯಲ್ಲಿಟ್ಟುಕೊಂಡೇ ಕೇಳಿದಳು.

"ಹೂಂ."

"ಮೇಷ್ಟ್ರು ಎಂತ ಅಂದ್ರು?"

"ಎಂತನೂ ಅನ್ಲಿಲ್ಲ. ಬೆತ್ತ ತಗಂಡ್ರು."

ಅವಳು ಬನ್ನಿನ ಅರ್ಧ ಮುರಿದು ಅಪ್ಪನಿಗೆ ಕೊಟ್ಟಳು.

ಇನ್ನೊಂದು ಬಸ್ಸು ಬಂತು. ಅದು ಯಾವ ಬಣ್ಣದ್ದಾಗಿತ್ತೋ ನನಗೆ ನೆನಪಿಲ್ಲ. ಯಾರೂ ಬಣ್ಣ ನೋಡಲಿಲ್ಲ. ಲೋಕಪ್ಪ ಬಾಗಿಲ ಹತ್ತಿರ ಹೋಗಿ ಅಲ್ಲೇ ನಿಂತ.

"ನೋಡು ಮಗಾ. ಹತ್ಬೋದಾ?"

ವನಜಾ ಮುಂದುಗಡೆ ಹೋಗಿ ಬೋರ್ಡಿನ ಕೆಳಗೆ ನಿಂತಳು. ಬೆರಳು ಲಂಗದ ಮೇಲೆ ಶುರು ಮಾಡಿತು. ಕಂಡಕ್ಟರ್ ಸೀಟಿ ಹೊಡೆದ, ಬೇಗ ಹತ್ತಿ ಎಂದು ಕೂಗಿದ.

"ತಡಿ ಮಾರಾಯ," ಅಂದ ಲೋಕಪ್ಪ, "ಓದ್ತಿದಾಳೆ."

ಬಸ್ಸು ನಿಂತೇ ಇತ್ತು. ಒಳಗಿದ್ದವರು ಕತ್ತು ಚಾಚಿ ನೋಡಿದರು. ಅವಳು ಯಾರ ಕಡೆಗೂ ನೋಡಲಿಲ್ಲ. ಮುಗಿಸಿ ಬಂದು, "ಕಳಸ ಅಂತಿದೆ ಅಪ್ಪ, ಹತ್ತು," ಅಂದಳು.

ಸೋಮವಾರ ಕುಯ್ಲು ಶುರುವಾಯಿತು. ಲೋಕಪ್ಪ ಆಳುಗಳಿಗೆಲ್ಲ ಸಾಲು ಹಂಚಿಕೊಟ್ಟು, ಹೊತ್ತೇರುವ ಮೊದಲು ನನ್ನ ಶೆಡ್ಡಿಗೆ ಬಂದ. ಚೀಲದಿಂದ ವನಜಾಳ ಕಾಲುವೆ ಹಲಗೆ ತೆಗೆದು ಮೇಜಿನ ಮೇಲಿಟ್ಟ.

"ಮುರೀತಾ?" ಎಂದು ಕೇಳಿದೆ.

"ಮುರ್ದಿಲ್ಲ. ಕಾಲುವೆ ಸಣ್ಣದು."

"ಅವಳ ಬೆರಳಿಗೆ ಸರಿಯಾಗಿದ್ಯಲ್ಲ ಮಾರಾಯ."

"ಅವಳ ಬೆರಳಿಗೆ ಸರಿಯಾಗಿದೆ," ಅಂದ ಅವನು. ಬಾಗಿಲ ಕಡೆ ಒಮ್ಮೆ ನೋಡಿ, ತನ್ನ ಕೈಯನ್ನು ಹಲಗೆಯ ಪಕ್ಕ ಇಟ್ಟ. ಬಾಳೆಕಾಯಿಯಂಥ ಬೆರಳು, ಗೆಣ್ಣು ಗೆಣ್ಣಿಗೆ ಒಡಕು.

ನಾನು ಆ ಕೈ ನೋಡಿದೆ. ಒಂದು ಸಿಲ್ವರ್ ಓಕಿನ ಹಲಗೆ ಎಳೆದುಕೊಂಡೆ. "ವನಜಾ ಶನಿವಾರ ಬರ್ತಾಳಲ್ಲ?"

"ಬರ್ದೆ ಎಂತ. ತಮ್ಮನ್ನ ಅಜ್ಜಿ ನೋಡ್ಕಂತಾಳೆ. ಶಾಲೆಗೂ ಹೋಗ್ಲಿ, ನಿಮ್ ಜೊತೆನೂ ಬರ್ಲಿ." ಅವನು ಮೇಜಿನ ಮೇಲಿದ್ದ ಮರದ ಹೊಟ್ಟನ್ನು ಕೈಯಿಂದ ಸರಿಸಿದ. "ನಂಗೆ ಮೊದ್ಲು ಕಳಸದ್ದು ಮಾಡಿ. ಬಾಕಿದ್ದು ಆಮೇಲೆ."

ಪೆನ್ಸಿಲ್ ತೆಗೆದು ಹಲಗೆಯ ಮೇಲೆ ಕ ಬರೆದು, ಕಾಲುವೆಯ ಎರಡೂ ದಡಕ್ಕೆ ಗೆರೆ ಎಳೆದೆ. ಇಷ್ಟು ಅಗಲ ಸಾಕಾ ಎಂದು ಕೇಳಿದೆ. ಲೋಕಪ್ಪ ಗೆರೆಗಳ ನಡುವೆ ಬೆರಳಿಟ್ಟು, ಶುರುವಿನಿಂದ ಕೊನೆಯ ತನಕ ಉಸಿರು ಹಿಡಿದುಕೊಂಡು ಹೋಗಿ ಬಂದ.

"ಇನ್ನೊಂಚೂರು ಅಗಲ ಮಾಡಿ," ಅಂದ.